ಬೈಯುವವರಿಲ್ಲದ ಸನ್ಮಾನ

ನಮ್ಮೂರಿನಲ್ಲಿ ಕೂಸು ಹುಟ್ಟಿದ ಮನೆಗೆ ನೋಡಲು ಹೋದವರು ತೊಟ್ಟಿಲೊಳಗೆ ಇಣುಕಿ ಮೊದಲು ಆಡುವ ಮಾತು, "ಅಯ್ಯ, ಸುಟ್ಟ ಬದನೀಕಾಯಿ ಇದ್ದಂಗ ಐತಲ್ಲ ಇದು" ಎಂದು. ತಾಯಿಗೆ ಅದನ್ನು ಕೇಳಿ ಸಮಾಧಾನವಾಗುತ್ತದೆ. ಹೊರಗಿನಿಂದ ಬಂದ ಸೊಸೆಯಂದಿರು ಈ ರೀತಿಯನ್ನು ಕಲಿಯಲು ಸ್ವಲ್ಪ ಸಮಯ ಹಿಡಿಯುತ್ತದೆ. ನಮ್ಮ ಪಕ್ಕದ ಮನೆಯ ಹೊಸ ಸೊಸೆ ಬಂದ ಮೊದಲ ದಿನವೇ ಅತ್ತೆಯ ಕೈಯ ಸಾರನ್ನು ಬಾಯಿತುಂಬ ಹೊಗಳಿಬಿಟ್ಟಳು. ಅತ್ತೆ ಒಲೆಯ ಮುಂದೆ ನಿಂತಲ್ಲೇ ಹಿಮ್ಮಡಿ ಮುಚ್ಚುವಷ್ಟು ನೆಲಕ್ಕಿಳಿದಳು. ಹಾಸಿದ ಕಡಪಾ ಕಲ್ಲು ಬಿರಿಯಿತು. ಮಾವ ಓಡಿ ಬಂದು, "ಮಂದಿ ಬಂದಾಗಷ್ಟ ಒಗ್ಗರಣಿಗೆ ಎಣ್ಣಿ ಸುರೀತಿ, ನನಗಾದ್ರ ಬರೇ ನೀರು ಕುಡಸ್ತಿ, ಸೋಗಲಾಡಿ!" ಎಂದು ಬೈದ. ಅದು ನಿಜವಾಗಿದ್ದರಿಂದ ಅತ್ತೆ ಮೇಲೆ ಬಂದಳು. ಕಲ್ಲು ಮಾತ್ರ ಇವತ್ತಿಗೂ ಬಿರಿದೇ ಇದೆ.

ನಿಜವಾಗಿದ್ದರಿಂದ ಎಂಬುದನ್ನು ಒತ್ತಿ ಹೇಳುತ್ತೇನೆ. ಹೊಗಳಿಕೆ ನಿಜವಿರಲಿ, ಸುಳ್ಳಿರಲಿ, ಒಂದೇ ಸಮನೆ ಇಳಿಸುತ್ತದೆ. ಬೈಗುಳ ಹಾಗಲ್ಲ. ಬಾಯಿಗೆ ಬಂದದ್ದನ್ನು ಒದರಿದರೆ ಎದುರಿಗಿದ್ದವರ ಕೂದಲೂ ಅಲುಗುವುದಿಲ್ಲ. ಆ ಮನುಷ್ಯನ ಸ್ವಂತದ್ದಾದ ತಪ್ಪೊಂದನ್ನು ಹಿಡಿದು ಬೈದರೆ ಮಾತ್ರ ಅವನು ಏಳುತ್ತಾನೆ. ಅದಕ್ಕೇ ನಮ್ಮಲ್ಲಿ ಸನ್ಮಾನ ಎಂದರೆ ಇಬ್ಬರು ಬರಬೇಕು: ಸನ್ಮಾನ ಮಾಡಿಸಿಕೊಳ್ಳುವವರು ಮತ್ತು ಅವರನ್ನು ಬೈಯುವವರು. ಮದುವೆಯಾದವರಿಗೆ ಹೆಂಡತಿಯೋ ಗಂಡನೋ, ಆಗದವರಿಗೆ ಅಣ್ಣ ತಮ್ಮಂದಿರು. ಶಾಲು, ಹಾರ, ಫಲತಾಂಬೂಲ, ನಾಲ್ಕು ಒಳ್ಳೆಯ ಮಾತು, ಪಾದ ಮುಚ್ಚುವಷ್ಟು ಇಳಿತ. ಆಮೇಲೆ ಬೈಯುವವರು ಮುಂದೆ ಬಂದು ಬೈದು ಎತ್ತಿಕೊಂಡು ಮನೆಗೆ ಕರೆದೊಯ್ಯುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ಇಬ್ಬರ ಹೆಸರೂ ಇರುತ್ತದೆ.

ಒಮ್ಮೆ ಮಾತ್ರ ತಪ್ಪಿತ್ತು. ನಿವೃತ್ತರಾದ ಹೆಡ್‌ಮಾಸ್ತರರೊಬ್ಬರಿಗೆ ಬಸ್‌ಸ್ಟ್ಯಾಂಡಿನ ಬಯಲಿನಲ್ಲಿ ಸನ್ಮಾನ ನಡೆಯಿತು. ಭಾಷಣಗಳು ಮುಗಿಯುವ ಹೊತ್ತಿಗೆ ಅವರನ್ನು ಬೈಯಲು ಬಂದಿದ್ದ ಹೆಂಡತಿ ಕುರ್ಚಿಯಲ್ಲಿ ಕೂತಲ್ಲೇ ಪ್ರಾಣ ಬಿಟ್ಟಿದ್ದರು. ಮಾಸ್ತರರು ಸೊಂಟದವರೆಗೆ ಇಳಿದಿದ್ದರು. ಬೇರೆ ಯಾರ ಬೈಗುಳವೂ ಅವರಿಗೆ ತಗುಲಲಿಲ್ಲ. ಅಗೆದು ತೆಗೆಯೋಣವೆಂದರೆ ಅಗೆದಷ್ಟೂ ಇಳಿಯುತ್ತಿದ್ದರು. ಜನ ಅವರ ಹೆಗಲಿಗೆ ಚೀಲ ತಗುಲಿ ಹಾಕಿ, "ಬಸ್ಸು ಹೋತೇನ್ರಿ ಮಾಸ್ತರ?" ಎಂದು ಕೇಳುವುದು ರೂಢಿಯಾಯಿತು. ಅವರು ಅಲ್ಲೇ ತೀರಿಕೊಂಡ ಮೇಲೆ ಊರಿನವರು ಸಿಮೆಂಟು ಸುರಿದು, ಮೇಲೊಂದು ಫಲಕ ನೆಟ್ಟು, ಆ ಫಲಕಕ್ಕೂ ಹಾರ ಹಾಕಿದರು. ಹಾರ ಹಾಕುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ.

ಊರಿನ ಸಮಾರಂಭಗಳಿಗೆ ನಿರೂಪಣೆ ಮಾಡುವವಳು ನಾನು. ಹೆಸರು ಇಂದುಮತಿ, ಕಾಲೇಜು ಓದಿದವಳು. ಓದಿನಿಂದ ನನಗಾದ ಒಂದೇ ಲಾಭವೆಂದರೆ ತೂಕವಿಲ್ಲದ ವಾಕ್ಯ ಬರೆಯಲು ಬಂದದ್ದು. ನಾನು ಪರಿಚಯಿಸಿದ ಯಾರೂ ಹೆಬ್ಬೆರಳು ಮುಳುಗುವುದಕ್ಕಿಂತ ಆಳಕ್ಕೆ ಹೋಗಿಲ್ಲ. ಮೈಕಿನ ಮುಂದೆ ನಿಂತಾಗ ನನ್ನ ಕಣ್ಣು ಯಾವಾಗಲೂ ಜನರ ಪಾದದ ಮೇಲಿರುತ್ತದೆ.

ಪಕ್ಕದ ಊರಿನಲ್ಲಿ ಸೈನಿಕರ ಸ್ಮಾರಕವೊಂದು ಎದ್ದಿತು. ಅದನ್ನು ಕಂಡು ಬಂದ ದಿನದಿಂದ ನಮ್ಮ ಸನ್ಮಾನ ಸಮಿತಿಯ ಅಧ್ಯಕ್ಷರಾದ ಅಡಿವೆಪ್ಪ ಸಾಹುಕಾರರಿಗೆ ದೇಶಪ್ರೇಮ ತಡೆಯಲಾರದಷ್ಟು ಉಕ್ಕಿತು. ದಂಡಿನಲ್ಲಿ ದುಡಿದು ಬಂದ ಮೂವರು ನಮ್ಮೂರಿನಲ್ಲಿ ಇದ್ದಾರೆ ಎಂಬುದು ಅವರಿಗೆ ನೆನಪಾದದ್ದೂ ಆಗಲೇ. ಒಬ್ಬರು ಮೌಲಾಸಾಬ, ಸೈಕಲ್ ಅಂಗಡಿ ಇಟ್ಟವರು. ಇನ್ನೊಬ್ಬರು ದುಂಡಪ್ಪ, ಹಿಂದೆ ಮುಂದೆ ಯಾರೂ ಇಲ್ಲದ, ಒಂದು ಎಮ್ಮೆ ಕಟ್ಟಿಕೊಂಡು ಊರಾಚೆ ಇರುವ ಮೌನಿ. ಮೂರನೆಯವರು ನನ್ನ ಅಪ್ಪ, ಹವಾಲ್ದಾರ್ ಫಕ್ಕೀರಪ್ಪ.

ಸಮಿತಿಯ ಸಭೆಗೆ ನನ್ನನ್ನು ಕರೆಸಿದರು. ನಾನು ಬರೆದುಕೊಟ್ಟ ಪರಿಚಯವನ್ನು ಸಾಹುಕಾರರು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು.

"ಇದೇನ್ರಿ ಮೇಡಮ್ಮಾರ? 'ಫಕ್ಕೀರಪ್ಪನವರು ಸೈನ್ಯದಲ್ಲಿ ಇದ್ದರು. ಈಗ ಊರಿನಲ್ಲಿ ಇದ್ದಾರೆ.' ಮುಗೀತೇನು?"

"ಮುಗೀತ್ರಿ."

"ಭಾಳ ಸಪ್ಪಗ ಐತ್ರಿ ಇದು."

"ಸಪ್ಪಗ ಇದ್ರ ಮೊಣಕಾಲು ಉಳೀತಾವ್ರಿ."

ಸಮಿತಿಯವರು ನಕ್ಕರು. ಸಾಹುಕಾರರು ನಗಲಿಲ್ಲ. ದೂರದ ಊರಿನಿಂದ ದೊಡ್ಡ ವಾಗ್ಮಿಯೊಬ್ಬರನ್ನು ಕರೆಸುತ್ತಿರುವುದಾಗಿಯೂ, ನಾನು ಬರೀ ಸ್ವಾಗತ ಹೇಳಿ ಕೂತರೆ ಸಾಕೆಂದೂ ತಿಳಿಸಿದರು. ನಾನು ಆಮಂತ್ರಣ ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ.

"ಬೈಯವರ ಹೆಸರ ಹಾಕಿಲ್ಲಲ್ರಿ?"

"ಏನ್ ಮಾತಂತ ಆಡ್ತೀರಿ! ದೇಶಾ ಕಾದವರನ್ನ ಮಂದ್ಯಾಗ ನಿಂದರ್ಸಿ ಬೈಸೂದಾ? ಪೇಪರಿನವರು ಬರ್ತಾರ. ಯೋಧರಿಗೆ ಬೈಗುಳ ಅಂತ ಬರದ್ರ ಊರ ಮಾನ ಏನಾಗಬೇಕು?"

"ಹಂಗಾರ ಅವ್ರು ಮ್ಯಾಲ ಹೆಂಗ ಬರ್ತಾರ್ರಿ?"

"ಅವ್ರು ಸೈನಿಕರ್ರಿ ಮೇಡಮ್ಮಾರ. ಹಿಮದಾಗ ನಿಂತು ಬಂದವರು. ಇಷ್ಟು ಮಣ್ಣಿನಾಗಿಂದ ಎದ್ದು ಬರೂದು ಅವ್ರಿಗೇನ್ ದೊಡ್ಡದು?"

ಎಲ್ಲರೂ ತಲೆದೂಗಿದರು. ಆ ಕೋಣೆಯಲ್ಲಿದ್ದ ಒಬ್ಬೊಬ್ಬರೂ ಒಂದಲ್ಲ ಒಂದು ಸಲ ಹೆಂಡತಿಯ ಬೈಗುಳದಿಂದಲೇ ಮೇಲೆ ಬಂದವರು. ಯಾರ ಮುಖದಲ್ಲೂ ಅದರ ನೆನಪು ಇರಲಿಲ್ಲ. ಅವರು ಅಪ್ಪನನ್ನೋ ಮೌಲಾಸಾಬರನ್ನೋ ಒಮ್ಮೆಯೂ ಮನೆಗೆ ಹೋಗಿ ಮಾತನಾಡಿಸಿದವರಲ್ಲ. ಧ್ವಜ ಹಾರಿಸುವ ದಿನ ಮುಂದಿನ ಸಾಲಿನ ಕುರ್ಚಿ ತೋರಿಸುವುದು, ಮರುದಿನ ಎದುರಾದರೆ ದಾರಿಯ ಆ ಕಡೆ ಹೋಗುವುದು, ಇಷ್ಟೇ ಅವರ ಗೌರವದ ಅಳತೆ.

ಮನೆಗೆ ಬಂದರೆ ಅಪ್ಪ ಹಳೆಯ ಬೂಟುಗಳಿಗೆ ಪಾಲಿಶ್ ಹಚ್ಚುತ್ತ ಜಗಲಿಯಲ್ಲಿ ಕೂತಿದ್ದ.

"ಅಪ್ಪಾ, ಮೈಗೆ ಆರಾಮಿಲ್ಲಂತ ಹೇಳಿಬಿಡು. ಬೈಯವರನ್ನ ಇಟ್ಟಿಲ್ಲ ಅವ್ರು."

"ಹೌದು ಹೌದು" ಎಂದ ಅಪ್ಪ, ಬೂಟಿನ ಮೂತಿಯನ್ನೇ ತಿಕ್ಕುತ್ತ.

ನಾನು ಅವನ ಬಲಗಡೆಗೆ ಬಂದು ಇನ್ನೊಮ್ಮೆ ಹೇಳಿದೆ. ಈಗ ಅವನು ತಲೆಯೆತ್ತಿದ.

"ಕರದಾರ, ಹೋಗಲಿಕ್ಕ ಬೇಕು ತಂಗಿ. ಯೂನಿಫಾರ್ಮ್ ಇಸ್ತ್ರಿ ಆಗೈತಿ." ಆಮೇಲೆ ಬೂಟು ಕೆಳಗಿಟ್ಟು, "ನಿಮ್ಮವ್ವ ಇದ್ದಿದ್ರ ಬೈತಿದ್ಲು" ಎಂದ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಪ್ಪನ ಅರ್ಧ ಆಯುಷ್ಯ ಗಡಿಯಲ್ಲಿ ಕಳೆಯಿತು. ರಜೆಗೆ ಬಂದಾಗಲೆಲ್ಲ ಅವನು ನಮಗೆ ನೆಂಟನಂತೆ. ನೆಂಟರನ್ನು ಯಾರು ಬೈಯುತ್ತಾರೆ? ಅವನನ್ನು ಬೈಯುವುದು ಅವ್ವನ ಪಾಲಿನ ಕೆಲಸವಾಗಿತ್ತು. ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಯಾರೂ ದನಿ ಎತ್ತಿಲ್ಲ.

ಸಮಾರಂಭ ಮೈದಾನದಲ್ಲಿ, ಬಿಸಿಲು ಇಳಿಯುವ ಹೊತ್ತಿಗೆ. ವೇದಿಕೆಯ ಮೇಲೆ ಸಮಿತಿ; ವೇದಿಕೆಯ ಮುಂದೆ, ಬರಿ ನೆಲದ ಮೇಲೆ, ಮೂವರು ಮುದುಕರು. ಹಲಗೆಯ ಮೇಲೆ ನಿಲ್ಲಿಸಿದರೆ ಹಲಗೆ ಮುರಿಯುತ್ತದೆ ಎಂಬ ಎಚ್ಚರವಷ್ಟೇ ಸಮಿತಿಗೆ ಇತ್ತು. ಮೌಲಾಸಾಬರ ಹೆಂಡತಿ ಹುಸೇನಬೀ ಹೆಂಗಸರ ಸಾಲಿನಲ್ಲಿ ಸೆರಗನ್ನು ಸೊಂಟಕ್ಕೆ ಬಿಗಿದು ಕೂತಿದ್ದಳು. ದುಂಡಪ್ಪ ಅಂಗಿಯ ಗುಂಡಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ರೇಷ್ಮೆ ಜುಬ್ಬಾದ ವಾಗ್ಮಿ ಮೈಕು ಹಿಡಿದ. ಅವನಿಗೆ ನಮ್ಮೂರಿನ ರೀತಿ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಇವರು ಸಿಂಹಗಳು ಎಂದ. ಮೂವರ ಬೂಟುಗಳ ಲೇಸು ಮಣ್ಣಿಗೆ ಸೇರಿತು. ಇವರ ನೆರಳು ಕಂಡರೆ ಶತ್ರುಗಳು ನಡುಗುತ್ತಿದ್ದರು ಎಂದ. ಮೀನಖಂಡದ ಅರ್ಧಕ್ಕೆ ಬಂತು. ಜನ ಚಪ್ಪಾಳೆ ತಟ್ಟಿದರು. ಗೂಟದ ತಲೆಯ ಮೇಲೆ ಕೊಡತಿ ಬಿದ್ದ ಹಾಗೆ ಒಂದೊಂದು ಚಪ್ಪಾಳೆಗೂ ಅವರು ಕುಸಿದರು. ಅಪ್ಪ ದಂಡಿನಲ್ಲಿ ಟೆಲಿಫೋನು ತಂತಿ ಎಳೆಯುತ್ತಿದ್ದವನು. ಮೌಲಾಸಾಬರು ಲಾರಿ ರಿಪೇರಿಯವರು. ಸಿಂಹ ಗಿಂಹ ಏನೂ ಇರಲಿಲ್ಲ. ಕೆಲಸ ಇತ್ತು, ಚಳಿ ಇತ್ತು. ದುಂಡಪ್ಪ ಏನು ಮಾಡುತ್ತಿದ್ದನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ವಾಗ್ಮಿ ಅವನನ್ನು ಎಲ್ಲರಿಗಿಂತ ಹೆಚ್ಚು ಹೊಗಳಿದ. ಇವನಿಗೆ ಹೆಂಡಿರಿಲ್ಲ ಮಕ್ಕಳಿಲ್ಲ, ಇಡೀ ದೇಶವೇ ಇವನ ಸಂಸಾರ ಎಂದು ದನಿ ನಡುಗಿಸಿದ. ದೇಶದ ಪರವಾಗಿ ಮೈದಾನ ಎದ್ದುನಿಂತು ಚಪ್ಪಾಳೆ ತಟ್ಟಿತು. ದುಂಡಪ್ಪ ಸೊಂಟದವರೆಗೆ ಹೋದ. ಅಪ್ಪ, ಮೌಲಾಸಾಬರು ಮೊಣಕಾಲಿನ ಮೇಲಕ್ಕೆ.

ವಂದನಾರ್ಪಣೆ ಆಯಿತು. ಸಾಹುಕಾರರು ಶಾಲು ಸರಿಪಡಿಸಿಕೊಂಡು, ಈಗ ಎದ್ದು ಬರುತ್ತಾರೆ ಎಂಬಂತೆ ಮೂವರನ್ನೂ ನೋಡಿದರು. ಹಿಮದಲ್ಲಿ ನಿಂತು ಬಂದವರು ಮಣ್ಣಿನಲ್ಲಿ ನಿಂತೇ ಇದ್ದರು.

"ಸರೀರಿ ಅತ್ತಾಗ!" ಎಂದು ಹುಸೇನಬೀ ಎದ್ದಳು.

"ಏ ಹುಸೇನಬೀ, ಯೋಧರನ್ನ ಬೈಬಾರದು. ಸಭಾದ ಮರ್ಯಾದಿ..." ಎಂದರು ಸಾಹುಕಾರರು.

"ನಿನ್ನ ಮರ್ಯಾದಿ ನೀ ಹೊಲಿಸ್ಕೊಂಡು ಉಟ್ಕೋ ಸಾಹುಕಾರ. ನನಗ ಇಂವ ಮನಿಗೆ ಬೇಕು" ಎಂದವಳೇ ಗಂಡನ ಎದುರು ನಿಂತಳು. "ಹಿಮದಾಗ ನಿಂತಿದ್ದೆ ಅಂತ ಊರ ತುಂಬ ಹೇಳ್ಕೋತ ತಿರಗ್ತಿ, ಬಚ್ಚಲದಾಗ ತಣ್ಣೀರು ತಾಕಿದ್ರ ಹುಯ್ಯೋ ಅಂತ ಒದರ್ತಿ! ಮೈಮ್ಯಾಲ ಹಲ್ಲಿ ಬಿತ್ತಂತ ನನ್ನ ಒಬ್ಬಾಕಿನ್ನ ಬಿಟ್ಟು ಓಣಿಗೆ ಓಡಿದ ಶೂರ ನೀ! ಮೊಮ್ಮಗಳ ಬಿಸ್ಕೀಟ ಕದ್ದು ತಿಂದು ಇಲಿ ಮ್ಯಾಲ ಹಾಕ್ತಿ! ಹಾಕ್ತೀಯೋ ಇಲ್ಲೋ?"

"ಹಾಕ್ತೀನಿ" ಎಂದರು ಮೌಲಾಸಾಬರು ನಗುತ್ತ. ಅಷ್ಟು ಹೊತ್ತಿಗೆ ಅವರ ಬೂಟು ನೆಲದ ಮೇಲೆ ಬಂದಿತ್ತು. ಅವಳು ಅವರ ಕೊರಳಿನ ಹಾರ ಕಿತ್ತು ಬಿಸಾಡಿ, ಕೈಹಿಡಿದು ಕರೆದುಕೊಂಡು ಹೋದಳು. ಜನ ಅದನ್ನೂ ಮನರಂಜನೆಯಂತೆ ನೋಡಿದರು.

ಅಪ್ಪ ನನ್ನನ್ನು ನೋಡುತ್ತಿದ್ದ. ನಾನು ಮೈಕು ಕೆಳಗಿಟ್ಟು ಅವನ ಹತ್ತಿರ ಹೋದೆ. "ಹಾಸಿಗಿ ಮಡಚಾಕಂತ ಬೆಳಗ್ಗೆ ಎಲ್ಲಾರ ಹೊದಿಕಿ ಎಳೀತಿ" ಎಂದೆ. ಅಪ್ಪ ಅಲುಗಲಿಲ್ಲ. ನಾನು ಎಡಗಡೆ ನಿಂತಿದ್ದೆ.

"ನೀ ಮನಿಗೆ ನಡಿ ತಂಗಿ" ಎಂದ ಅಪ್ಪ. "ನಾ ಆಮ್ಯಾಲ ಬರ್ತೀನಿ."

ಎಲ್ಲಿಂದ ಬರುತ್ತಾನೆ? ಬಸ್‌ಸ್ಟ್ಯಾಂಡಿನ ಸಿಮೆಂಟು ಕಣ್ಣ ಮುಂದೆ ಬಂತು. ನಾನು ಸುತ್ತಿ ಅವನ ಬಲಗಡೆಗೆ ಹೋದೆ.

"ನಿನ್ನ ಎಡಗಿವಿ ಕೇಳಂಗಿಲ್ಲ" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. "ತೋಪಿನ ಸಪ್ಪಳಕ್ಕ ಹೋಗೇತಿ ಅದು, ನಾ ಸಣ್ಣಾಕಿ ಇದ್ದಾಗಿಂದ. ನೀ ಯಾರಿಗೂ ಹೇಳಲಿಲ್ಲ. ಅವ್ವ ರಾತ್ರಿ ಎಲ್ಲಾ ನಿನ್ನ ಎಡಕ್ಕ ಮಲಗಿ ಮಾತಾಡತಿದ್ಲು. ನೀ ಇಲ್ಲದಾಗ ಆದದ್ದೆಲ್ಲ ಕೂಡಿಸಿಟ್ಟು ಹೇಳತಿದ್ಲು. ನೀ ಹೌದು ಹೌದು ಅಂತಿದ್ದಿ. ಒಂದೂ ಕೇಳಿಸಿಲ್ಲ ನಿನಗ! ಈ ಮಗ್ಗಲಕ ಬಾ ಅಂತ ಒಂದ ಮಾತು ಹೇಳಿದ್ರ ನಿನ್ನ ಗಂಡಸ್ತನ ಹೋಗತಿತ್ತೇನು? ಕಿವುಡ ಅಂತಾರಂತ ಅಂಜಿ, ಆಕಿ ಮಾತೆಲ್ಲ ಗ್ವಾಡಿಗೆ ಆಡಿಸಿದಿ. ಹೇಡಿ ನೀ."

ಅಪ್ಪ ಮೇಲೆ ಬಂದ, ಮೊಣಕಾಲು, ಮೀನಖಂಡ, ಪಾದ, ಒಮ್ಮೆಲೆ, ಯಾರೋ ಬುಡಸಹಿತ ಕಿತ್ತಂತೆ. ಒಂದು ಬೂಟು ಕಾಲಿಗಿತ್ತು. ಇನ್ನೊಂದು ಮಣ್ಣಿನಲ್ಲೇ ಉಳಿಯಿತು. ಅವನು ಒಂದು ಬರಿ ಕಾಲುಚೀಲದಲ್ಲಿ ನಿಂತು ನನ್ನ ಹೆಗಲು ಹಿಡಿದುಕೊಂಡ.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಆಕಿಗೆ?"

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

ಉಳಿದವನು ದುಂಡಪ್ಪ. ಈಗ ಸಮಿತಿಗೂ ಸ್ವಲ್ಪ ಗಾಬರಿಯಾಗಿತ್ತು. "ಬೈರಿ ಯಾರಾರ" ಎಂದರು ಸಾಹುಕಾರರು, ಅರ್ಧ ತಾಸಿನ ಹಿಂದೆ ಬೈಗುಳ ಮಹಾಪಾಪವಾಗಿತ್ತೆಂಬುದನ್ನು ನುಂಗಿಕೊಂಡು. ಜನ ಮುಂದೆ ನುಗ್ಗಿದರು. ಏ ಕುಡುಕ, ಎಂದ ಒಬ್ಬ, ಅವನು ಕುಡಿಯುತ್ತಿರಲಿಲ್ಲ. ಏ ಮೈಗಳ್ಳ, ಎಂದಳೊಬ್ಬಳು. ಅವನು ಬೆಳಕು ಹರಿಯುವ ಮೊದಲು ಹುಲ್ಲಿಗೆ ಹೋಗುವುದನ್ನು ಅವಳೇ ದಿನಾ ನೋಡುತ್ತಿದ್ದಳು. ಇಡೀ ಊರು ಬಾಯಿ ನೋಯುವವರೆಗೆ ಒದರಿತು. ದುಂಡಪ್ಪ ಒಂದು ಎಳ್ಳಷ್ಟೂ ಮೇಲೆ ಬರಲಿಲ್ಲ. ಅಪ್ಪನೂ ತಲೆಯಾಡಿಸಿದ: "ನಮ್ಮ ದಂಡು ಬ್ಯಾರೆ, ಅವನ ದಂಡು ಬ್ಯಾರೆ. ಅಂವ ಯಾವತ್ತು ಬಾಯಿ ಬಿಟ್ಟಾನ?" ಹೊಗಳಲು ಅವನು ಯಾರೆಂದು ತಿಳಿದಿರಬೇಕಾಗಿರಲಿಲ್ಲ. ಬೈಯಲು ತಿಳಿದವರು ಒಬ್ಬರೂ ಇರಲಿಲ್ಲ.

"ಎಮ್ಮಿ ಹಿಂಡೂ ಹೊತ್ತಾತು" ಎಂದ ದುಂಡಪ್ಪ ಕೊನೆಗೆ. ಆ ದಿನ ಅವನು ಆಡಿದ್ದು ಅದೊಂದೇ ಮಾತು.

ಸಾಹುಕಾರರ ಗಾಬರಿ ಬೆಳಗಾಗುವುದರೊಳಗೆ ಇಳಿದಿತ್ತು. ಪಕ್ಕದ ಊರಿನದು ಕಲ್ಲಿನ ಸ್ಮಾರಕ, ನಮ್ಮದು ಉಸಿರಾಡುವುದು! ಸುತ್ತ ಕಬ್ಬಿಣದ ಕಟಕಟೆ ಬಂತು, ಅದಕ್ಕೆ ಮೂರು ಬಣ್ಣ ಬಳಿದರು. ಅಪ್ಪನ ಬೂಟು ಉಳಿದ ಜಾಗಕ್ಕೂ ಗಾಜಿನ ಪೆಟ್ಟಿಗೆ ಮಾಡಿಸಿ ಹಾರ ಹಾಕಿದರು. ಅಪ್ಪ ಅದನ್ನು ಕೇಳಲು ಹೋದರೆ, ಈಗ ಅದು ಊರಿನ ಆಸ್ತಿ ಎಂದರಂತೆ. ಶಾಲೆಯ ಮಕ್ಕಳು ಸಾಲಾಗಿ ಬಂದು ದುಂಡಪ್ಪನಿಗೆ ಸೆಲ್ಯೂಟ್ ಹೊಡೆದು ಹೋಗುತ್ತಿದ್ದರು. ಊಟ ತಂದುಕೊಡುವುದು ಯಾರ ಕೆಲಸವೆಂದು ಸಮಿತಿಯಲ್ಲಿ ಚರ್ಚೆ ನಡೆದೇ ಇತ್ತು. ಹುಸೇನಬೀ ರೊಟ್ಟಿ ಕಳಿಸುತ್ತಿದ್ದಳು.

ಎಮ್ಮೆಯ ಹೆಸರು ದರಿದ್ರಿ. ಅವನ ಕೈಗಲ್ಲದೆ ಬೇರೆಯವರಿಗೆ ಹಾಲು ಬಿಡದೆ ರಾತ್ರಿಯೆಲ್ಲ ಒರಲಿತು. ಮರುದಿನ ನಾನೇ ಹಗ್ಗ ಹಿಡಿದು ಮೈದಾನಕ್ಕೆ ಎಳೆದುಕೊಂಡು ಹೋದೆ. ಪಕ್ಕಕ್ಕೆ ತಂದು ನಿಲ್ಲಿಸಿದರೆ ದುಂಡಪ್ಪನ ಕೈ ಸರಿಯಾಗಿ ಕೆಚ್ಚಲಿನ ಮಟ್ಟಕ್ಕೆ ಇತ್ತು. ಅವನು ಏನೂ ಆಗಿಲ್ಲವೆಂಬಂತೆ ತಂಬಿಗೆ ಹಿಡಿದು ಹಿಂಡಿದ. ಸ್ಮಾರಕದಲ್ಲಿ ಸಗಣಿ ಬಿತ್ತೆಂದು ಸಮಿತಿ ಖಂಡಿಸಿತು. ನಾನು ದಿನಾ ಎರಡು ಹೊತ್ತು ಎಮ್ಮೆ ತರುವುದನ್ನು ಬಿಡಲಿಲ್ಲ. ಅವನ ಪಕ್ಕ ಕೂತು ಅವನನ್ನು ನೋಡುತ್ತಿದ್ದೆ, ಏನಾದರೊಂದು ಸಿಕ್ಕೀತೆಂದು. ಗೌರವ ಕೊಡಲು ಬಂದವರೆಲ್ಲ ನಿಂತು ಹೋಗುತ್ತಿದ್ದರು. ಕೂತವಳು ನಾನೊಬ್ಬಳೇ ಎಂದು ಕಾಣುತ್ತದೆ, ಅವನು ಮೆಲ್ಲಗೆ ನನ್ನೊಡನೆ ಮಾತಿಗೆ ಬಿದ್ದ. ಮಾತೆಂದರೆ ದೂರುಗಳು. ಹುಲ್ಲು ಹಸಿ ಐತಿ. ತಂಬಿಗೆಗೆ ಹುಳಿ ವಾಸನಿ ಐತಿ. ನಿನ್ನಿ ಯಾಕ ಹೊತ್ತಾತು? ನಾನು ಎಲ್ಲಕ್ಕೂ ಹೌದ್ರಿ ಕಾಕಾ ಎನ್ನುತ್ತಿದ್ದೆ. ಪಾಪದ ಮನುಷ್ಯ ಎಂದುಕೊಳ್ಳುತ್ತಿದ್ದೆ. ಪಾಪ ಅನ್ನಿಸಿದರೆ ಬೈಗುಳ ಹುಟ್ಟುವುದಿಲ್ಲ ಎಂಬುದು ಗೊತ್ತಿದ್ದೂ.

ಮಳೆ ಶುರುವಾಯಿತು. ಅವನ ಸುತ್ತ ನೀರು ನಿಂತು ತೊಡೆ ಮರಗಟ್ಟುತ್ತಿದೆ ಎಂದು ಅವನು ಹೇಳಲಿಲ್ಲ, ನಾನು ಮುಖ ನೋಡಿ ತಿಳಿದೆ. ಅವತ್ತು ಬೆಳಿಗ್ಗೆ ನಾನು ಎಮ್ಮೆಯೊಂದಿಗೆ ಬರುವಾಗ ಸಾಹುಕಾರರ ಜೀಪು ಮೈದಾನದಿಂದ ಹೊರಟಿತ್ತು. ಕಟಕಟೆಗೆ ಹೊಸ ಹಾರ ಬಿದ್ದಿತ್ತು.

"ಯಾಕ ಬಂದಿದ್ರು ಕಾಕಾ?"

"ಇನ್ನೊಂದು ಸನ್ಮಾನ ಐತಂತ" ಎಂದ ದುಂಡಪ್ಪ, ತಂಬಿಗೆಯೊಳಗೆ ಇಣುಕುತ್ತ. "ಅಂವನ್ನ ಮತ್ತ ಕರಸ್ತಾರಂತ, ಭಾಷಣದವನ್ನ. ಎದಿ ಮಟ ಇಳದ್ರ ನೋಡಾಕ ಇನ್ನೂ ಛಲೋ ಕಾಣತೈತಿ ಅಂದ್ರು."

"ನೀವೇನಂದ್ರಿ?"

"ಹ್ಞೂಂ ಅಂದೆ. ದೊಡ್ಡ ಮಂದಿ. ಇಲ್ಲ ಅನ್ನಾಕ ಬರತೈತೇನು?" ಆಮೇಲೆ ತಂಬಿಗೆಯನ್ನು ನನ್ನ ಮುಂದೆ ಹಿಡಿದು, "ಇವತ್ತೂ ಸರಿ ತೊಳದಿಲ್ಲ ನೋಡು ನೀ" ಎಂದ.

ಕಾಕಾ, ರಿ, ತೂಕ ನೋಡಿ ಆರಿಸಿಟ್ಟ ಮಾತು ಯಾವುದೂ ಉಳಿಯಲಿಲ್ಲ.

"ಎದಿ ಮಟ ಇಳದ ಮ್ಯಾಲ ಎಮ್ಮಿ ಹೆಂಗ ಹಿಂಡ್ತಿ, ಹಲ್ಲಿಲೆ?" ಎಂದು ಕಿರುಚಿದೆ. "ಬಾಯಿಲ್ಲೇನ್ ನಿನಗ? ಮಳ್ಯಾಗ ಎಮ್ಮಿ ಎಳಕೊಂಡು ಬರೋ ಹೆಣಮಗಳ ಮುಂದ ಕರ್ನಲ್ ಸಾಹೇಬ, ಹಸಿ ಹುಲ್ಲು, ಹುಳಿ ತಂಬಿಗಿ. ಆ ಸಾಹುಕಾರ ಬಂದ್ರ ಕುರಿ! ನಿಂದ್ರು ಅಂದ, ನಿಂತಿ. ಇಳಿ ಅಂದ, ಇಳದಿ. ತನ್ನ ಪಾಲಿನ ಒಂದ 'ಒಲ್ಲೆ' ಅನ್ನೂದನ್ನೂ ಆಡದ ಮುದಿಯಾ, ನಿನ್ನ ಸಲುವಾಗಿ ನಾ ದಿನಾ ಎರಡ ಹೊತ್ತು ಸಗಣಿ ತುಳೀತೀನಿ!"

ದರಿದ್ರಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿಯಿತು. ತಂಬಿಗೆಯ ಹಾಲು ತುಳುಕಿತು. ದುಂಡಪ್ಪನ ಅಂಗಿಯ ಕೆಳಗೆ, ಬೆಲ್ಟಿನಿಂದ ಒಂದು ಗೇಣು ಕೆಳಗಿನವರೆಗೆ, ಒದ್ದೆ ಮಣ್ಣು ಮೆತ್ತಿದ ಪ್ಯಾಂಟು ಕಾಣಿಸಿತು. ಅಲ್ಲಿಯವರೆಗೆ ಅದು ನೆಲದೊಳಗಿತ್ತು.

ಅವನು ತನ್ನನ್ನೇ ಬಗ್ಗಿ ನೋಡಿಕೊಂಡ. ಮಣ್ಣನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ತಂಬಿಗೆಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟು, ಎರಡೂ ಕೈಯಿಂದ ಕಟಕಟೆ ಹಿಡಿದು ನನ್ನ ಕಡೆ ಮುಖ ಎತ್ತಿದ.

"ಇನ್ನಷ್ಟು ಬೈ" ಎಂದ.

ನಾನು ಹಗ್ಗವನ್ನು ಕಟಕಟೆಗೆ ಕಟ್ಟಿ, ಸೆರಗನ್ನು ಸೊಂಟಕ್ಕೆ ಬಿಗಿದು, ಶುರು ಮಾಡಿದೆ.